ಬಾವಿಕಟ್ಟೆಯ ಮೇಲಿನ ಆಪರೇಷನ್

ನಮ್ಮ ಪಕ್ಕದ ಮನೆಯ ಟೈಲರಕ್ಕನಿಗೆ ಆದದ್ದು ಇದು. ಸುಳ್ಳು ಹೇಳುವವಳಲ್ಲ, ಬಟ್ಟೆ ಯಾವತ್ತು ಕೊಡುತ್ತೀ ಅಂತ ಕೇಳಿದಾಗ ಬಿಟ್ಟು.

ಸರಿರಾತ್ರಿ, ಆಸ್ಪತ್ರೆಯಿಂದ ಮನೆಗೆ ಒಬ್ಬಳೇ ನಡೆದು ಬರುತ್ತಿದ್ದಳು, ತಮ್ಮನಿಗೆ ಹೊದಿಕೆ ಒಯ್ಯಲು. ಲೈಟ್ ರಿಪೇರಿ ಮಾಡುವ ತಮ್ಮ ಏಣಿಯಿಂದ ಬಿದ್ದಿದ್ದ. ಬಲಗಾಲಿನ ಮೂಳೆ ಎರಡು ತುಂಡು. "ದೊಡ್ಡ ಡಾಕ್ಟರು ಬರೋಕೆ ಬೆಳಗಾಗತ್ತೆ. ಅಷ್ಟರೊಳಗೆ ಪಾದಕ್ಕೆ ರಕ್ತ ಓಡದಿದ್ರೆ... ತೆಗೀಬೇಕಾಗತ್ತೆ" ಅಂದಿದ್ದಳು ನರ್ಸು.

"ಇವರ ಕೈಗೆ ಕತ್ತರಿ ಕೊಡಬೇಡಕ್ಕಾ, ನೀನೇ ಹೊಲಿದುಬಿಡು" ಎಂದು ನಗಲು ನೋಡಿದ್ದ ಅವನು. ನಗು ಅರ್ಧಕ್ಕೇ ನಿಂತಿತ್ತು.

ಬೀದಿ ತುದಿಯ ಹಳೇ ಬಾವಿಯ ಹತ್ತಿರ ಬಂದವಳು ಕಟ್ಟೆಯ ಮೇಲೆ ಕೂತಳು. ಅಳು ಬರಲಿಲ್ಲ. ಫೋನ್ ತೆಗೆದಳು. ಮಗಳು ಹಾಕಿಕೊಂಡಿದ್ದ ಆಟವೊಂದಿತ್ತು: ಮೂಳೆ ಮುರಿದವರು ಬರುತ್ತಾರೆ, ಚೂರುಗಳನ್ನು ಬೆರಳಲ್ಲಿ ಎಳೆದು ಕೂಡಿಸಿ ಸ್ಕ್ರೂ ಹಾಕಬೇಕು. ಮಕ್ಕಳಾಟ. ಆದರೆ ದಿಕ್ಕು ತೋಚದವರು ಏನನ್ನು ತಾನೇ ನಂಬುವುದಿಲ್ಲ? 'ಇದೊಂದು ಗೆದ್ದರೆ ಅವನ ಕಾಲು ಉಳಿಯುತ್ತೆ' ಅಂದುಕೊಂಡಳು.

ಪರದೆಯ ಮೇಲೆ ಒಂದು ಬಲಗಾಲು ಬಂತು. ಬರೀ ಕಾಲು. ಬೇರೆ ದಿನವಾದರೆ ರೋಗಿಗೆ ಬೊಂಬೆಮುಖ ಇರುತ್ತೆ, "ಅಯ್ಯೋ" ಅನ್ನುತ್ತೆ. ಇದು ಸುಮ್ಮನಿತ್ತು.

ಕೂಗು ಬಂದದ್ದು ಬಾವಿಯಿಂದ.

"ಅಕ್ಕಾ..."

ತಮ್ಮನದೇ ದನಿ. ಬಾವಿಗೆ ಮುಚ್ಚಿದ್ದ ಕಬ್ಬಿಣದ ಜಾಲರಿ ಝಿಣ್ ಅಂದಿತು.

"ಬೇಗ ಮಾಡಕ್ಕಾ... ತಣ್ಣಗಾಗ್ತಿದೆ."

ಓಡಬೇಕಿತ್ತು. ಅವಳು ಓಡಲಿಲ್ಲ. "ಮಾಡ್ತಿದೀನಿ ಕಣೋ... ಅಲ್ಲಾಡಬೇಡ" ಎಂದು ಪಿಸುಗುಟ್ಟಿದಳು.

ಹೊಲಿಯುವವರ ಬೆರಳಿಗೆ ಗೊತ್ತಿರುವುದು ಒಂದೇ ಪಾಠ: ಮೊದಲು ಉಲ್ಟಾ ಇಟ್ಟು ಹೊಲಿ, ಆಮೇಲೆ ತಿರುವು. ಗಾಬರಿಯಲ್ಲಿ ಪಾದವನ್ನೂ ಹಾಗೇ ಮಗುಚಿ, ಹಿಮ್ಮಡಿ ಮುಂದಾಗಿ ಇಟ್ಟಳು. ಟಕ್... ಕೂಡಿತು. ಸ್ಕ್ರೂ ಕಿರ್ ಕಿರ್ ಎಂದು ಇಳಿಯಿತು. ಬಾವಿಯೊಳಗೂ ಅದೇ ಕಿರ್ ಕಿರ್... ಸ್ವಲ್ಪ ತಡವಾಗಿ.

ಇನ್ನು ತಿರುವಬೇಕು. ಬೆರಳಿಟ್ಟಳು...

ಚಾರ್ಜು ಮುಗಿದು ಫೋನ್ ಆರಿತು.

"ಇರೋ, ಇನ್ನೂ ಮುಗಿದಿಲ್ಲ!"

"ಸಾಕಕ್ಕಾ..." ಎಂದಿತು ಬಾವಿ. "ಬೆಚ್ಚಗಾಯ್ತು."

ಬೆಳಗ್ಗೆ ತಮ್ಮನ ಪಾದದಲ್ಲಿ ರಕ್ತ ಓಡುತ್ತಿತ್ತು. ಡಾಕ್ಟರು ಮೂಳೆ ಕೂಡಿಸಿ ಕಳಿಸಿದರು. ಈಗ ಏಣಿಯನ್ನೂ ಹತ್ತುತ್ತಾನೆ. ಪಾದ ನೆಟ್ಟಗೇ ಇದೆ. ಬೆರಳು ಮುಂದೆ, ಹಿಮ್ಮಡಿ ಹಿಂದೆ, ನಿಮ್ಮ ನನ್ನ ಹಾಗೆ.

ಅವನು ಸ್ನಾನ ಮಾಡಿ ಬಂದಾಗ ಮಾತ್ರ ಅಕ್ಕ ಬಟ್ಟೆ ಹಿಡಿದು ಹಿಂದಿನಿಂದಲೇ ನೆಲ ಒರೆಸುತ್ತಾ ಬರುತ್ತಾಳೆ. ಮೊನ್ನೆ ಅವಳು ಅಂಗಡಿಗೆ ಹೋಗಿದ್ದಳು, ಅವನು ಸ್ನಾನ ಮುಗಿಸಿ ಬಚ್ಚಲಿನಿಂದ ಕೋಣೆಗೆ ಹೋದಾಗ ನಾನು ಅವರ ಮನೆಯಲ್ಲಿದ್ದೆ. ಎಡಗಾಲಿನ ಒದ್ದೆ ಹೆಜ್ಜೆಗಳೆಲ್ಲ ಕೋಣೆಯ ಕಡೆ ಹೋಗಿದ್ದವು. ಬಲಗಾಲಿನವು ಬಚ್ಚಲಿನ ಕಡೆ. ಬೇರೆಯವರು ಹೇಳಿದ್ದಲ್ಲ... ನಾನೇ ಬಗ್ಗಿ ನೋಡಿದ್ದು.