ಕೊಕ್ಕೆ ಹಾಕದವರ ಪಂಪ್‌ಸೆಟ್ಟು

ಬೀರೂರಿನಲ್ಲಿ ಕೂತರೆ ಶಿವನಿಯಲ್ಲಿ ಇರುವೆ ಸೀನಿದ್ದೂ ಕೇಳುವ ಕಿವಿ ನನ್ನದು. ಅಂಥದ್ದರಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕವೇ ಕೂತ ಪಂಚನಹಳ್ಳಿಯ ರುದ್ರಮೂರ್ತಿ, ಕಲ್ಲಮ್ಮ ದಂಪತಿಯ ಮಾತು ಕೇಳದೆ ಇರುತ್ತದೆಯೇ? ಇಬ್ಬರೂ ಕರೆಂಟಿನ ಆಫೀಸಿನಿಂದ ಬಂದಿದ್ದರು. ಕಲ್ಲಮ್ಮನವರ ಸಿಟ್ಟಿಗೆ ಜಂಕ್ಷನ್ನಿಗೆ ಬರುತ್ತಿದ್ದ ರೈಲುಗಳೇ ಹೆದರಿ ಹಿಂದಕ್ಕೆ ಸರಿದವು.

“ಲೈನಿಗೆ ಕದ್ದು ಕೊಕ್ಕೆ ಹಾಕಿದೋರ ಪಂಪ್‌ಸೆಟ್ಟೆಲ್ಲಾ ಸಕ್ರಮ ಆದ್ವು. ಅರ್ಜಿ ಹಾಕಿ ಕಾದ ನಮ್ಗೆ ಮಾತ್ರ ಲೈನ್ ಇಲ್ಲ.”

“ರೂಲ್ಸ್ ಬದಲಾಯ್ತಂತೆ ಕಣೇ. ಇನ್ಮೇಲೆ ಹೊಸಬ್ರು ಸೋಲಾರ್ ಹಾಕ್ಕೋಬೇಕಂತೆ.”

“ಯಾವಾಗ ಬತ್ತದಂತೆ ಸೋಲಾರು?”

“ಸರದಿ ಬಂದಾಗ.”

“ಅಷ್ಟೊತ್ತಿಗೆ ತೆಂಗಿನ ಸಸಿಗಳು ಒಲೆಗೆ ಆಯ್ತವೆ. ನಮ್ಮಣ್ಣ ನಮ್ಗೂ ಕೊಕ್ಕೆ ಹಾಕ್ಕೊಡೋಕೆ ಬಂದಾಗ, ಅವನ ದೋಟೀನೇ ಮುರಿದು ಕಳಿಸಿದ್ರಲ್ರೀ!”

“ಕಳ್ಳತನ ಅಲ್ವೇನೇ ಅದು?”

“ಆಗ ಕಳ್ಳತನ. ಈಗ ಅವನ ತೋಟಕ್ಕೆ ಸರ್ಕಾರದ ಕಂಬಾನೇ ಬಂದೈತೆ. ಸಸಿಗೆ ನೀರು ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು?”

“ಇನ್ನೊಂದ್ಸಲ ಸಕ್ರಮ ಮಾಡಿದ್ರೆ...”

“ಅದಕ್ಕೂ ಮೊದ್ಲು ಅಕ್ರಮ ಮಾಡಿರ್ಬೇಕಲ್ರೀ!”

ಪಂಚನಹಳ್ಳಿ ಬಸ್ ಬಂತು. ಸೀಟು ಹಿಡಿಯಲು ಸಾವಿರ ಟವೆಲ್‌ಗಳು ಕಿಟಕಿಗಳಿಂದ ಒಳಗೆ ಹಾರಿದವು. ರುದ್ರಮೂರ್ತಿ ಮಾತ್ರ, ಇಳಿಯುವವರು ಮೊದಲು ಇಳಿಯಲಿ ಎಂದು ಬಾಗಿಲ ಪಕ್ಕಕ್ಕೆ ಸರಿದು ನಿಂತರು.

ಕಲ್ಲಮ್ಮ ಗಂಡನ ಹೆಗಲಿನ ಟವೆಲನ್ನು ಕಿತ್ತು, ತಾವೇ ಕಿಟಕಿಯೊಳಗೆ ಎಸೆದರು.