ರಾಮಮ್ಮ ಕೇಳಿದ ಬಿಲ್ಲೆ

ಇದು ನಡೆದದ್ದು ಪಕ್ಕದ ಮನೆಯ ಷಡಕ್ಷರಿಗೆ. ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್-ರೇ ತೆಗೆಯುವವನು. ಕುಡಿಯುವುದಿಲ್ಲ. ದೆವ್ವ ಇದೆ ಎಂದವರ ಮುಖಕ್ಕೇ ನಗುವವನು.

ಆ ರಾತ್ರಿ ರಾಮಾಪುರದಿಂದ ಕೈ ಮುರಿದುಕೊಂಡ ಮಗುವೊಂದು ಬಂದು, ಅದರ ಎಕ್ಸ್-ರೇ ಮುಗಿಸಿ ಅವನು ಮುಡಿಗುಂಡದ ಮನೆಗೆ ನಡೆದು ಹೊರಟಾಗ ಹನ್ನೆರಡೂವರೆ. ಜೇಬಿನಲ್ಲಿ ಒಂದು ಪಟ್ಟಿ. ಬೆಳಿಗ್ಗೆ ಲ್ಯಾಬಿಗೆ ಕಳಿಸಬೇಕು. ಮೈಗೆ ಎಷ್ಟು ವಿಕಿರಣ ತಾಗಿತೆಂದು ಅಳೆಯುವ ಬ್ಯಾಡ್ಜು ಯಾರ್ಯಾರಿಗೆ ಎಂಬ ಪಟ್ಟಿ. ನಾಲ್ಕೇ ಹೆಸರು: ಡಾಕ್ಟರು, ಡಾಕ್ಟರ ಹೆಂಡತಿ, ಮ್ಯಾನೇಜರು, ಷಡಕ್ಷರಿ. ಮ್ಯಾನೇಜರು ಆ ಕೋಣೆಯೊಳಗೆ ಬರುವುದು ಆಯುಧಪೂಜೆಯ ದಿನ, ಮಿಷನ್ನಿಗೆ ಕುಂಕುಮ ಇಡುವಾಗ.

ಅಳುವ ಮಕ್ಕಳನ್ನು ಮಿಷನ್ನಿನ ಕೆಳಗೆ ಅದುಮಿ ಹಿಡಿಯುತ್ತಿದ್ದವಳು ಆಯಾ ರಾಮಮ್ಮ. ಹನ್ನೊಂದು ವರ್ಷ ಹಿಡಿದಳು. ಒಮ್ಮೆ ಷಡಕ್ಷರಿಯ ಎದೆಯ ಬ್ಯಾಡ್ಜು ತೋರಿಸಿ ಕೇಳಿದ್ದಳು.

"ಸಾ, ನಂಗೂ ಒಂದ್ ಬಿಲ್ಲೆ ಕೊಡ್ಸಿ ಸಾ."

"ನಿಂಗ್ಯಾಕಮ್ಮ? ನೀನೇನ್ ಮಿಷನ್ ಮುಟ್ತೀಯಾ?"

"ಮಿಷನ್ ಮುಟ್ಟಕಿಲ್ಲ ಸಾ. ಮಗೀನ ಇಡ್ಕತೀನಿ."

ಒಳ್ಳೆಯ ಜೋಕೆಂದು ಷಡಕ್ಷರಿ ನಕ್ಕಿದ್ದ.

ಹೋದ ವರ್ಷ ರಕ್ತದ ಕಾಯಿಲೆಯಲ್ಲಿ ಸತ್ತಳು. ಎಕ್ಸ್-ರೇಯಿಂದಲೋ? ಹೇಳುವಂತಿಲ್ಲ. ಅಳೆದಿದ್ದರಲ್ಲವೇ ಹೇಳುವುದು. ಅವಳ ಕೆಲಸಕ್ಕೆ ಮಗಳು ಸೌಮ್ಯ ಬಂದಳು. ಆ ರಾತ್ರಿ ಮಗುವನ್ನು ಹಿಡಿದದ್ದು ಅವಳೇ. ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ.

ಮುಡಿಗುಂಡದ ದಾರಿಯ ಹಾಳುಬಾವಿ ದಾಟುವಾಗ... ಟಿಕ್.

ನಿಂತ.

ಝುಂಯ್... ಟಕ್.

ಎಕ್ಸ್-ರೇ ಗುಂಡಿ ಒತ್ತಿದಾಗಿನ ಸದ್ದು. ಅದೇ ಅಂತರ. ಬಾವಿಯೊಳಗಿಂದ. ಆಮೇಲೆ ಒಂದು ಮಗುವಿನ ಬಿಕ್ಕು... "ಶ್ಶ್... ಆಯ್ತು ಕಂದ, ಆಯ್ತು..."

"ರಾಮಮ್ಮ?" ಪಿಸುಗುಟ್ಟಿದ.

"ಸಾ... ನನ್ ಮಗ್ಳ ಎಸ್ರು ಬರದ್ರಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ರಜೆ ಕೇಳುವಾಗಿನ ಅದೇ ಸಂಕೋಚ. ಅದನ್ನೇ ಅವನು ಇವತ್ತಿಗೂ ತಾಳಲಾರ.

"ಇಲ್ಲ ಕಣಮ್ಮ..."

"ಓಗ್ಲಿ ಬುಡಿ ಸಾ. ಅವ್ಳ್ ಬದ್ಲು ನಾನ್ ನಿಂತ್ಕತೀನಿ."

ಅಷ್ಟೆ. ಮತ್ತೆ ಬರೀ ಕಪ್ಪೆಗಳು.

ಅಲ್ಲೇ ಮೊಬೈಲ್ ಬೆಳಕಿನಲ್ಲಿ ಮ್ಯಾನೇಜರ ಹೆಸರು ಹೊಡೆದು ಸೌಮ್ಯಳದು ಬರೆದ. ಮರುದಿನ ಮ್ಯಾನೇಜರು ರೇಗಿದರು: "ಏನಯ್ಯಾ, ದೆವ್ವ ಬಂದು ಹೇಳ್ತಾ, ನನ್ನೆಸ್ರು ಹೊಡಿ ಅಂತ?"

"ಹೂಂ ಸಾ," ಅಂದ.

ಮೂರು ತಿಂಗಳು ಸೌಮ್ಯ ಬ್ಯಾಡ್ಜು ತೊಟ್ಟೇ ಮಕ್ಕಳನ್ನು ಹಿಡಿದಳು. ಬ್ಯಾಡ್ಜುಗಳು ಲ್ಯಾಬಿಗೆ ಹೋಗಿ ವರದಿ ಬಂತು. ಅವಳದರಲ್ಲಿ ಸೊನ್ನೆ.

ಪ್ರತಿ ಸಲವೂ ಹೆಸರಿಲ್ಲದ ಬ್ಯಾಡ್ಜೊಂದು ಜೊತೆಗೆ ಬರುತ್ತದೆ, ಹೋಲಿಸಿ ನೋಡುವುದಕ್ಕೆ. ಅದನ್ನು ಯಾರೂ ತೊಡಬಾರದು. ಎಕ್ಸ್-ರೇ ಕೋಣೆಯಿಂದ ದೂರ ಇಡಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟಿತ್ತು. ಬೀಗದ ಕೈ ಷಡಕ್ಷರಿಯ ಹತ್ತಿರ. ಅದರಲ್ಲಿ ಮಾತ್ರ, ಮೂರು ತಿಂಗಳು ದಿನವೂ ಮಕ್ಕಳನ್ನು ಹಿಡಿದು ನಿಂತವರಿಗೆ ತಾಗುವಷ್ಟು ವಿಕಿರಣ.

ಲ್ಯಾಬಿನವರ ತಪ್ಪಿರಬಹುದು. ತಪ್ಪೆಂದು ಅವರು ಒಪ್ಪಿಲ್ಲ. ಕಾಗದ ಬರೆದು ಕೇಳಿದ್ದಾರೆ: ಇದನ್ನು ತೊಟ್ಟವರು ಯಾರು? ಕಾಗದ ಸುಳ್ಳಲ್ಲ, ಷಡಕ್ಷರಿಯ ಮನೆಯಲ್ಲಿದೆ, ಬೇಕಾದವರು ಹೋಗಿ ನೋಡಬಹುದು. ಉತ್ತರ ಇನ್ನೂ ಬರೆದಿಲ್ಲ.