ಖಂಡಿತ ಬರ್ತೇನಿ ಎಂದ ಸೇವಕ

ನಮ್ಮಂಥದೇ ಒಂದು ಊರು, ಪ್ರಿಯರೇ. ಆ ಊರಲ್ಲಿ ನಮ್ಮಂಥದೇ ಒಂದು ಸಭೆ. ಆ ಸಭೆಯ ಮೊದಲ ಬೆಂಚಿನಲ್ಲಿ ಒಬ್ಬ ಶ್ರೀಮಂತ. ಮೊದಲ ಬೆಂಚಿನವರು ಯಾಕೆ ಬೆನ್ನು ನೆಟ್ಟಗೆ ಮಾಡಿದಿರಿ? ನಿಮ್ಮ ಬಗ್ಗೆ ಅಲ್ಲ, ಆರಾಮಾಗಿ ಕೂತುಕೊಳ್ಳಿ. ಇವನು ಬೇರೆ ಊರಿನವನು.

ಅವನಿಗೆ ಎಲ್ಲವೂ ಇತ್ತು. ಟಿಂಬರ್ ಡಿಪೋ ಇತ್ತು, ಮಹಡಿ ಮನೆ ಇತ್ತು, ಸಭೆಯ ಕಮಿಟಿಯಲ್ಲಿ ಕುರ್ಚಿ ಇತ್ತು. ಇಲ್ಲದ್ದು ಒಂದೇ, ವಿದೇಶಕ್ಕೆ ಹೋಗಿ ಸೇವೆ ಮಾಡಿ ಬಂದವನು ಎಂಬ ಹೆಸರು. "ಕರ್ತನೇ, ನನ್ನನ್ನು ದೂರದ ದೇಶಕ್ಕೆ ಕಳಿಸು" ಎಂದು ಕಣ್ಣೀರಿಟ್ಟು ಪ್ರಾರ್ಥಿಸಿದ. ನೋಡಿ, ಪಕ್ಕದ ಓಣಿಗೆ ಕಳಿಸು ಎಂದು ಅವನು ಕೇಳಲಿಲ್ಲ. ನಾವೂ ಕೇಳುವುದಿಲ್ಲ. ಪಕ್ಕದ ಓಣಿಗೆ ಹೋಗಿ ಬಂದರೆ ಯಾರು ಶಾಲು ಹೊದಿಸುತ್ತಾರೆ?

ಪ್ರಾರ್ಥನೆ ಫಲಿಸಿತು. ಆಫ್ರಿಕಾದ ಒಂದು ಹಳ್ಳಿಯ ಸಭೆಯವರು ಕರೆದರು. ಶಾಲೆಗೆ ಸುಣ್ಣ ಬಳಿಯಬೇಕು, ಮಕ್ಕಳಿಗೆ ಹಾಡು ಕಲಿಸಬೇಕು, ಅಷ್ಟೇ. ತಂಡ ಕಟ್ಟಿಕೊಂಡು ಶ್ರೀಮಂತ ಹೊರಟ. ಜೊತೆಗೆ ಅವನ ಸಭೆಯ ಬೋಧಕರೂ ಹೊರಟರು. ಅವರ ಹೊಟ್ಟೆ ನನ್ನದರಷ್ಟೇ ದಪ್ಪ, ಪ್ರಸಂಗ ನನ್ನದರಷ್ಟೇ ಉದ್ದ. ನಾನಲ್ಲ, ನಗಬೇಡಿ. ಬೋಧಕರೆಲ್ಲ ಒಂದೇ ಅಚ್ಚಿನ ಇಟ್ಟಿಗೆಗಳು. ಬೀಳ್ಕೊಡುಗೆಗೆ ಬ್ಯಾನರ್ ಮಾಡಿಸಿದ್ದರು. ಅದರಲ್ಲಿ ಯೇಸುಸ್ವಾಮಿಯ ಚಿತ್ರ ಅಂಗೈಯಷ್ಟು, ಶ್ರೀಮಂತನದು ಬಾಗಿಲಷ್ಟು, ಬೋಧಕರದು ಕಿಟಕಿಯಷ್ಟು. ಕಿಟಕಿ ಚಿಕ್ಕದಾಯಿತಲ್ಲ ಎಂದು ಬೋಧಕರಿಗೆ ದಾರಿಯುದ್ದಕ್ಕೂ ಬೇಜಾರು.

ಹಳ್ಳಿಯಲ್ಲಿ ಅವರಿಗೆ ಅಡಿಗೆ ಮಾಡಿ ಬಡಿಸಲು ಒಬ್ಬ ತಾಯಿ ಇದ್ದಳು. ಆಕೆಯ ಮಾತನ್ನು ಊರಿನ ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಮೊದಲ ದಿನದ ಊಟ. ಮೆಕ್ಕೆಜೋಳದ ಬಿಳಿ ಮುದ್ದೆ, ಮೀನಿನ ಸಾರು. ಶ್ರೀಮಂತನಿಗೆ ಬಾಯಲ್ಲಿ ನೀರು. ಆಕೆ ಎರಡನೇ ಸಲ ಬಡಿಸಲು ಬಂದಳು. ಇವನು ಏನು ಮಾಡಿದ? ನಾವೆಲ್ಲ ಮಾಡುವುದನ್ನೇ ಮಾಡಿದ. ತಟ್ಟೆಗೆ ಕೈ ಅಡ್ಡ ಹಿಡಿದು, "ಬ್ಯಾಡ್ರೀ, ಸಾಕ್ರೀ, ಹೊಟ್ಟಿ ತುಂಬೇತಿ" ಎಂದ.

ನಮ್ಮಲ್ಲಿ ಇದರ ಅರ್ಥ ಏನು? ಹಾಕಿ ಎಂದು ಅರ್ಥ! ನಮ್ಮ ಮನೆಯಾಕೆ ಇದಕ್ಕೆಲ್ಲ ಜಗ್ಗುವವಳೇ? ಬೆರಳ ಸಂದಿಯಲ್ಲೇ ಸಾರು ಸುರಿಯುತ್ತಾಳೆ. ಆದರೆ ಆ ತಾಯಿ ನಕ್ಕಳು, ತಲೆಯಾಡಿಸಿದಳು, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಬೇಡ ಎಂದನಲ್ಲ, ಬೇಡ. ಶ್ರೀಮಂತ ಅಡ್ಡ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕಾದ. ಅವಳು ಬರಲಿಲ್ಲ. ಪಕ್ಕದಲ್ಲಿ ಬೋಧಕರೂ ಕೈ ಅಡ್ಡ ಹಿಡಿದಿದ್ದರು. ಅವರಿಗೂ ಬರಲಿಲ್ಲ. ಮರುದಿನವೂ ಇದೇ ಕಥೆ. ಹಸಿದರೂ ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕೊನೆಗೆ ಬೋಧಕರು ಉಪವಾಸ ಪ್ರಾರ್ಥನೆ ಘೋಷಿಸಿಬಿಟ್ಟರು. ಹೇಗೂ ಅರೆ ಉಪವಾಸವೇ, ದೇವರ ಲೆಕ್ಕಕ್ಕಾದರೂ ಹೋಗಲಿ ಎಂದು.

ನಗಿರಿ, ನಗಿರಿ. ನಾನೂ ನಗುತ್ತಿದ್ದೇನೆ. ಇನ್ನು ಸ್ವಲ್ಪ ಹೊತ್ತು ನಗಬಹುದು.

ಆ ತಾಯಿಗೆ ಒಬ್ಬಳು ಮಗಳಿದ್ದಳು, ದಿನ ತುಂಬಿದ ಬಸುರಿ. ಚೊಚ್ಚಲು. ಆಸ್ಪತ್ರೆ ಗುಡ್ಡದ ಆಚೆ, ದೂರ. ಊರಲ್ಲಿ ಇದ್ದ ಮೋಟಾರು ವಾಹನ ಒಂದೇ, ನಮ್ಮವರು ಬಾಡಿಗೆಗೆ ಹಿಡಿದಿದ್ದ ವ್ಯಾನು. ಶುಕ್ರವಾರ ಆಕೆ ಮೇಷ್ಟ್ರನ್ನು ಕರೆದುಕೊಂಡು ಬಂದು ಕೇಳಿದಳು. "ನಾಳೆ ಬೆಳಿಗ್ಗೆ ನನ್ನ ಮಗಳನ್ನ ಆಸ್ಪತ್ರೆಗೆ ಮುಟ್ಟಿಸ್ತೀರಾ? ರಸ್ತೆ ಪಕ್ಕದ ಮರದ ಕೆಳಗೆ ನಾವು ಕೂತಿರ್ತೀವಿ."

ಶ್ರೀಮಂತ ಎರಡೂ ಕೈ ಎತ್ತಿದ. "ಅಯ್ಯ, ಇದನ್ನೂ ಕೇಳಬೇಕೇನವಾ? ಖಂಡಿತ ಬರ್ತೇನಿ! ನಾವು ಬಂದಿದ್ದರ ಯಾತಕ್ಕ?"

ಈ "ಖಂಡಿತ ಬರ್ತೇನಿ" ಎಂದರೆ ನಮ್ಮಲ್ಲಿ ಏನು ಅರ್ಥ, ಪ್ರಿಯರೇ? ನೋಡೋಣ ಎಂದು ಅರ್ಥ. ಆದರಾಯಿತು, ಇಲ್ಲದಿದ್ದರೆ ಇಲ್ಲ. ಎದುರಿಗಿದ್ದವರ ಮನಸ್ಸು ನೋಯಬಾರದು ಎಂದು ಆಡುವ ಮಾತು. ಆ ತಾಯಿಗೆ ಅದು ಗೊತ್ತಿರಲಿಲ್ಲ. ಬರುತ್ತೇನೆ ಎಂದನಲ್ಲ, ಬರುತ್ತಾನೆ.

ಶನಿವಾರ ಮುಂಜಾನೆ ಬೋಧಕರು ನೆನಪಿಸಿದರು, "ಅಣ್ಣಾರ, ಇವತ್ತು ಜೀಬ್ರಾ ನೋಡಾಕ ಹೋಗೂದೈತಿ. ತಡ ಮಾಡಿದ್ರ ನೆರಳಿಗೆ ಹೋಗಿ ಕುಂದರ್ತಾವಂತ." ಕಾರ್ಯಕ್ರಮಪಟ್ಟಿಯಲ್ಲಿ ಅದಕ್ಕೆ "ಸೃಷ್ಟಿಕರ್ತನ ಮಹಿಮೆಯ ಧ್ಯಾನ" ಎಂದು ಬೋಧಕರೇ ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ನಮ್ಮ ಜಾತಿಯವರನ್ನು, ಅಂದರೆ ಬೋಧಕರ ಜಾತಿಯನ್ನು, ಮೀರಿಸುವವರಿಲ್ಲ. ಶ್ರೀಮಂತನಿಗೆ ಆ ಬಸುರಿಯ ನೆನಪು ಬಂತೋ ಇಲ್ಲವೋ? ಬಂತು. "ಯಾರರ ಕರ್ಕೊಂಡು ಹೋಗಿರ್ತಾರ ಬಿಡ್ರಿ" ಎಂದ. ವ್ಯಾನು ಇನ್ನೊಂದು ದಾರಿ ಹಿಡಿಯಿತು.

ಅವರು ಜೀಬ್ರಾ ನೋಡಿದರು. ಜೀಬ್ರಾ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಸಂಜೆ ಹಾಡುತ್ತಾ ಹಿಂತಿರುಗಿದರು. ರಸ್ತೆ ಪಕ್ಕದ ಮರದ ಕೆಳಗೆ ಜನ ಸೇರಿದ್ದರು.

ಮಗು ಅಲ್ಲೇ ಚಾಪೆಯ ಮೇಲೆ ಹುಟ್ಟಿತ್ತು. ಬಾಣಂತಿಗೆ ರಕ್ತ ನಿಂತಿರಲಿಲ್ಲ. ಬೆಳಿಗ್ಗೆ ಒಬ್ಬ ನೆರೆಯವನು ಎತ್ತಿನ ಗಾಡಿ ಹೂಡಿಕೊಂಡು ಬಂದು ಕರೆದಿದ್ದನಂತೆ. "ಬೇಡ, ಅವರು ಬರ್ತೀನಿ ಅಂದಿದ್ದಾರೆ" ಎಂದಳಂತೆ ಆ ತಾಯಿ. ಮಧ್ಯಾಹ್ನವಾದರೂ ವ್ಯಾನು ಬರದೆ ಹೋದಾಗ ಆಕೆಗೆ ಗಾಬರಿಯಾಯಿತಂತೆ. ಮಗಳ ಬಗ್ಗೆ ಅಲ್ಲ, ಇವರ ಬಗ್ಗೆ! ಅದೇ ಗಾಡಿಯವನನ್ನು ಇವರನ್ನು ಹುಡುಕಲು ಅಟ್ಟಿದ್ದಳು. ಅವನು ಹೋದ ಮೇಲೆ ಮಗಳಿಗೆ ನೋವು ಎದ್ದಿತು. ಆಗ ಗಾಡಿಯೂ ಇಲ್ಲ, ವ್ಯಾನೂ ಇಲ್ಲ.

ವ್ಯಾನಿನಿಂದ ಇಳಿದ ಶ್ರೀಮಂತನ ಕಡೆ ಆಕೆ ಓಡಿ ಬಂದಳು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಆಕೆ ಅವನ ಭುಜ ಮುಟ್ಟಿ ನೋಡಿದಳು, ಕೈ ಮುಟ್ಟಿ ನೋಡಿದಳು. ಮೇಷ್ಟ್ರು ಆಕೆಯ ಮಾತು ಹೇಳಿದರು. "ಎಲ್ಲರೂ ಚೆನ್ನಾಗಿದ್ದೀರಾ? ಪೆಟ್ಟಾಗಿಲ್ಲ ತಾನೇ? ಬರ್ತೀನಿ ಅಂದವರು ಬರಲಿಲ್ಲ ಅಂದಮೇಲೆ ವ್ಯಾನು ಎಲ್ಲೋ ಉರುಳಿದೆ ಅಂದ್ಕೊಂಡ್ವಿ. ದಿನವೆಲ್ಲಾ ನಿಮಗೋಸ್ಕರ ಪ್ರಾರ್ಥನೆ ಮಾಡಿದ್ವಿ."

"ಆಕೆಗೆ ಏನು ಹೇಳಲಿ?" ಎಂದು ಮೇಷ್ಟ್ರು ಕೇಳಿದರು. ಶ್ರೀಮಂತ ಬೋಧಕರ ಮುಖ ನೋಡಿದ. ಯಾವ ವಚನ ಕೊಟ್ಟರೂ ಮುಕ್ಕಾಲು ಗಂಟೆ ಮಾತಾಡುವ ಮನುಷ್ಯ ಬೋಧಕರು. ಅವರು ಬಗ್ಗಿ ಚಾಪೆಯ ಒಂದು ತುದಿ ಹಿಡಿದರು. ಬಾಣಂತಿಯನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿದರು. ಆಸ್ಪತ್ರೆ ಮುಟ್ಟಿದರು. ತಾಯಿ ಮಗು ಉಳಿದರು. ದೇವರ ಕೃಪೆಯಿಂದ ಉಳಿದರು, ನಮ್ಮವರ ಸೇವೆಯಿಂದ ಅಲ್ಲ.

ಈಗ ನಗು ನಿಂತಿತಲ್ಲ. ಒಳ್ಳೆಯದಾಯಿತು.

ನಿಮ್ಮ ಮಾತು ಹೌದಾದರೆ ಹೌದೆಂದಿರಲಿ, ಅಲ್ಲವಾದರೆ ಅಲ್ಲವೆಂದಿರಲಿ ಎಂದು ಕರ್ತನು ಹೇಳಿದ. ನಮ್ಮ ಬಾಯಲ್ಲಿ ಎರಡೂ ತಿರುಗಾಮುರುಗಾ. ಉಣ್ಣುವಾಗ ಬೇಡ ಎಂದರೆ ಬೇಕು. ಸೇವೆಯಲ್ಲಿ ಬರುತ್ತೇನೆ ಎಂದರೆ ಬರುವುದಿಲ್ಲ. ಸ್ನಾನದ ಮನೆಯಲ್ಲಿ ನಿಂತು "ದಾರಿಯಲ್ಲಿದ್ದೇನೆ" ಎನ್ನುತ್ತೇವೆ. ಇನ್ನು ನನ್ನ ಮಾತು ಕೇಳಿ. ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ನಿಮ್ಮ ಕೈ ಹಿಡಿದು, "ನಿಮಗಾಗಿ ಪ್ರಾರ್ಥಿಸುತ್ತೇನೆ" ಎನ್ನುತ್ತೇನೆ. ಅಷ್ಟು ಜನರಿಗೆ ನಿಜಕ್ಕೂ ಪ್ರಾರ್ಥಿಸಿದ್ದರೆ ನನ್ನ ಮೊಣಕಾಲು ಸವೆಯಬೇಕಿತ್ತು. ಸವೆದಿರುವುದು ಊಟಕ್ಕೆ ಕರೆದವರ ಮನೆಯ ಮೆಟ್ಟಿಲು.

ನಮ್ಮ ಹಾರ್ಮೋನಿಯಂ ಜಯಕರ ಇವತ್ತು ಯಾಕೆ ಬಂದಿಲ್ಲ? ಅವನ ಕಿಡ್ನಿ ಕೆಟ್ಟಿದೆ, ಡಯಾಲಿಸಿಸ್ ನಡೆದಿದೆ, ಎಲ್ಲರಿಗೂ ಗೊತ್ತು. ಅವನ ಮನೆಗೆ ಹೋಗಿ, "ನಾವಿದ್ದೇವೆ, ಚಿಂತೆ ಮಾಡಬೇಡ, ಆಸ್ಪತ್ರೆಗೆ ನಾವು ಕರೆದೊಯ್ಯುತ್ತೇವೆ" ಎಂದವರು ಯಾರು? ನಾವೇ. ಅವನ ಅಣ್ಣ ಹುಬ್ಬಳ್ಳಿಗೆ ಬಂದುಬಿಡು ಎಂದು ಕರೆದಾಗ ಜಯಕರ ಹೋಗಲಿಲ್ಲ. "ನಮ್ಮ ಸಭೆಯವರು ಅದಾರ" ಎಂದನಂತೆ. ನಿನ್ನೆ ಅವನು ಒಬ್ಬನೇ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದ. ಅವನ ಹೆಂಡತಿ ಗ್ಲಾಡಿಸ್ ಫೋನು ಮಾಡಿ ನನಗೆ ಏನೆಂದಳು ಗೊತ್ತೇ? "ಪಾದ್ರಿಗಳ, ತಾವು ಆರಾಮ ಅದೀರಿಲ್ಲ?" ಎಂದಳು.

ಮಂಗಳವಾರ ಮತ್ತೆ ಅವನ ಡಯಾಲಿಸಿಸ್ ಸರದಿ, ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಬರುವವರು ಈಗಲೇ ಬರುತ್ತೇನೆ ಎನ್ನಿ. ಆಗದವರು ಆಗುವುದಿಲ್ಲ ಎನ್ನಿ, ನಾನು ಬೇಸರಪಡುವುದಿಲ್ಲ, ಆಶೀರ್ವಾದ ಮಾಡಿಯೇ ಕಳಿಸುತ್ತೇನೆ. ಆದರೆ ನೋಡೋಣ ಎಂದು ಮಾತ್ರ ಯಾರೂ ಹೇಳಬೇಡಿ. ನಾನು ಆರೂವರೆಗೆ ಅವನ ಬಾಗಿಲಲ್ಲಿ ಇರುತ್ತೇನೆ. ಅಲ್ಲಿ ನಾನು ಕಾಣದಿದ್ದರೆ ನಿದ್ದೆ ಹತ್ತಿರಬೇಕು, ಮಲಗಿರಲಿ ಪಾಪ ಎಂದುಕೊಳ್ಳಬೇಡಿ. ನನಗೆ ಏನೋ ಅನಾಹುತ ಆಗಿದೆ ಎಂದು ತಿಳಿದು ಹುಡುಕಿಕೊಂಡು ಬನ್ನಿ.